ಗೆರೆಯ ಪಕ್ಕ ಓಡುತ್ತಿದ್ದ ತಮ್ಮ

ತಮ್ಮ ತೀರಿಕೊಂಡು ಒಂದು ವರ್ಷ ತುಂಬುವ ತಿಥಿ ಶನಿವಾರ ಬೀಳುತ್ತದೆ ಎಂದು ನಾನು ಅಡುಗೆಮನೆಯ ಕ್ಯಾಲೆಂಡರ್ ನೋಡಿ ತಿಳಿದುಕೊಂಡೆ. ಆ ಕ್ಯಾಲೆಂಡರ್ ಮೈಸೂರಿನದು. ಪ್ರತಿ ವರ್ಷ ಊರಿಂದ ಬರುವವರು ಯಾರಾದರೂ ಸುರುಳಿ ಸುತ್ತಿ ತಂದುಕೊಡುತ್ತಾರೆ. ಈ ಪರದೇಶದಲ್ಲಿ, ಟೂಂಗಾಬಿಯ ನಮ್ಮ ಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಮೊಳೆಗೆ ಅದನ್ನು ತೂಗುಹಾಕುತ್ತೇನೆ. ಹಬ್ಬಗಳಿಗೆ ಇಲ್ಲಿನ ದೇವಸ್ಥಾನದವರು ಕಳಿಸುವ ಪಟ್ಟಿಯನ್ನೇ ನೋಡುವುದು ರೂಢಿ. ತಮ್ಮನ ತಿಥಿಗೆ ಮಾತ್ರ ಏಕೋ ಊರಿನ ಕ್ಯಾಲೆಂಡರಿನ ಕಡೆಗೇ ಕೈ ಹೋಯಿತು. ಶ್ರಾದ್ಧ ತಿಥಿ ಆಷಾಢ ಬಹುಳ ಪಂಚಮಿ ಎಂದಿದ್ದ ಚೌಕದ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಹಾಕಿದೆ.

ಮದುವೆಗೆ ಕರೆಯದೆ ಹೋಗಬಾರದು, ಇಂಥದ್ದಕ್ಕೆ ಕರೆಯಲಿ ಎಂದು ಕಾಯಬಾರದು ಎನ್ನುವುದು ನಮ್ಮ ಕಡೆಯ ಮಾತು. ನೆನಪಿಟ್ಟುಕೊಂಡವರು ತಾವಾಗಿ ಬರುತ್ತಾರೆ. ಆದ್ದರಿಂದ ಮೆಲ್ಬರ್ನ್‌ನಲ್ಲಿರುವ ತಮ್ಮನ ಹೆಂಡತಿ ನನಗೆ ಫೋನ್ ಮಾಡಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ. ಬೆಳಗಿನ ಮೊದಲ ವಿಮಾನಕ್ಕೆ ಹೋಗಿ ಸಂಜೆಯ ವಿಮಾನಕ್ಕೆ ಬರುವ ಹಾಗೆ ಟಿಕೆಟ್ ಬುಕ್ ಮಾಡಿಸಿದೆ. ಭಾನುವಾರ ಬೆಳಿಗ್ಗೆ ಆರಕ್ಕೆ ನನಗೆ ಶಿಫ್ಟ್ ಇತ್ತು. ಪಕ್ಕದ ಬಡಾವಣೆ ಗಿರಾವೀನ್‌ನಿಂದ ಆಚೆ ಒಂದು ಏಜ್ಡ್ ಕೇರ್ ಅಡುಗೆಮನೆಯಲ್ಲಿ ನನ್ನ ಕೆಲಸ. ವಯಸ್ಸಾದವರಿಗೆ ಬೆಳಗಿನ ಗಂಜಿ, ಟೋಸ್ಟ್, ಚಹಾ. ಶನಿವಾರದ ರಜೆಗೆ ಅರ್ಜಿಯಲ್ಲಿ ‘ಫ್ಯಾಮಿಲಿ ಫಂಕ್ಷನ್’ ಎಂದು ಬರೆದುಕೊಟ್ಟಿದ್ದೆ. ತಮ್ಮನ ಮಗನಿಗೆ ಮಾತ್ರ, ಶನಿವಾರ ಬರ್ತೀನಿ, ಏರ್‌ಪೋರ್ಟಿಗೆ ಬರ್ತೀಯಾ ಎಂದು ಮೆಸೇಜ್ ಹಾಕಿದೆ. ಅವನು ಮೇಲಕ್ಕೆತ್ತಿದ ಹೆಬ್ಬೆರಳಿನ ಚಿತ್ರ ಕಳಿಸಿದ. ಅಷ್ಟು ಸಾಕು ಅಂದುಕೊಂಡೆ.

ತಿಥಿಯ ದಿನ ಹೋದವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅದನ್ನು ನಾನು ಪೂರ್ತಿ ನಂಬುತ್ತೇನೆ ಎಂದು ಹೇಳಲಾರೆ. ಆದರೆ ತಮ್ಮನಿಗೆ ನಾನು ಒಂದು ಮಾತು ಹೇಳಬೇಕಿತ್ತು. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ನನಗೆ ತಿಳಿದಿರಲಿಲ್ಲ.

ಅವನು ಸಾಯುವ ಮೊದಲು ಹದಿನಾಲ್ಕು ತಿಂಗಳು ನಾನು ಅವನ ಜೊತೆ ಮಾತಾಡಿರಲಿಲ್ಲ.

ಆದದ್ದು ಇಷ್ಟು. ನನ್ನ ಮಗನಿಗೆ ಹೆಣ್ಣಿನ ಕಡೆಯವರು ಮನೆಗೆ ಬಂದಿದ್ದರು. ಬೆಂಗಳೂರಿನವರು, ಗಿರಾವೀನ್‌ನಲ್ಲಿ ಹಿರಿಯ ಮಗಳ ಮನೆಗೆ ಬಂದು ಉಳಿದುಕೊಂಡಿದ್ದರು. ಸೋದರಮಾವ ಇರಲಿ ಎಂದು ನಾನೇ ತಮ್ಮನನ್ನು ಮೆಲ್ಬರ್ನ್‌ನಿಂದ ಕರೆಸಿದ್ದೆ. ಮಗನ ಕೋರ್ಸ್ ಮುಗಿದಿದೆ ಎಂದು ಅವರಿಗೆ ನಾನು ಹೇಳಿದ್ದೆ. ಮುಗಿದಿರಲಿಲ್ಲ. ಅವನು ಪಾರ್ಸೆಲ್ ಹಂಚುವ ವ್ಯಾನ್ ಓಡಿಸುತ್ತಿದ್ದ. ಮದುವೆಯ ಹೊತ್ತಿಗೆ ಮುಗಿಸುತ್ತಾನೆ, ಆಗ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಹುಡುಗಿಯ ತಂದೆ ಕೇಸರಿಬಾತಿನ ತಟ್ಟೆ ಹಿಡಿದುಕೊಂಡು ತಮ್ಮನನ್ನು ಸುಮ್ಮನೆ ಮಾತಿಗೆ ಕೇಳಿದರು: “ಹುಡುಗ ಡಿಗ್ರಿ ಎಲ್ಲಿ ಮಾಡಿದ್ದು ಅಂದ್ರಿ?”

“ಇನ್ನೂ ಎರಡು ಸಬ್ಜೆಕ್ಟ್ ಬಾಕಿ ಇದೆ ಸರ್,” ಎಂದ ತಮ್ಮ. “ಬುದ್ಧಿವಂತ. ಮನಸ್ಸು ಮಾಡಿದ್ರೆ ಮುಗಿಸ್ತಾನೆ.”

ಅವರು ಕಾಫಿ ಕುಡಿದು ಮರ್ಯಾದೆಯಿಂದ ಎದ್ದುಹೋದರು. ಮತ್ತೆ ಫೋನ್ ಬರಲಿಲ್ಲ. ಸಂಜೆ ತಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು ಅವನಿಗೆ, “ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ,” ಎಂದೆ. ಅವನು, “ಅಕ್ಕ, ಅವರು ಕೇಳಿದ್ರಲ್ಲ,” ಎಂದ. ಅಷ್ಟೇ ಹೇಳಿದ್ದು. ಆಮೇಲೆ ಅವನು ಎಷ್ಟು ಸಲ ಫೋನ್ ಮಾಡಿದನೋ, ನಾನು ತೆಗೆಯಲಿಲ್ಲ. ಕೊನೆಯ ಸಲ ಮಾಡಿದ್ದು ಒಂದು ಬುಧವಾರ. ಶುಕ್ರವಾರ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತಿದ್ದಾಗಲೇ ಅವನ ಹೃದಯ ನಿಂತಿತು. ನಲವತ್ತೆಂಟು ವರ್ಷ.

ಸಾವಿಗೆ ಹೋದಾಗ ಎಲ್ಲರಿಗೂ ಒಂದೇ ಮಾತು ಹೇಳಿದೆ: ಬುಧವಾರ ನಾನು ಕೆಲಸದಲ್ಲಿದ್ದೆ, ಫೋನ್ ಲಾಕರ್‌ನಲ್ಲಿತ್ತು, ಅವನ ಕಾಲ್ ನೋಡಲಿಲ್ಲ. ಅಯ್ಯೋ ಪಾಪ ಎಂದರು. ತಮ್ಮನ ಹೆಂಡತಿ ಏನೂ ಅನ್ನಲಿಲ್ಲ. ಫೋನ್ ಲಾಕರ್‌ನಲ್ಲಿರಲಿಲ್ಲ. ಏಪ್ರನ್ ಜೇಬಿನಲ್ಲಿತ್ತು. ತೆಗೆದು ನೋಡಿ, ಅವನ ಹೆಸರು ನೋಡಿ, ರಿಂಗ್ ನಿಲ್ಲುವ ತನಕ ಕೈಯಲ್ಲಿ ಹಿಡಿದುಕೊಂಡು ನಿಂತು, ಮತ್ತೆ ಜೇಬಿಗೆ ಹಾಕಿಕೊಂಡಿದ್ದೆ.

ಆ ಶನಿವಾರ ವಿಮಾನದಲ್ಲಿ ಏನೂ ತಿನ್ನಲಿಲ್ಲ. ತಿಥಿಯ ದಿನ ಕಾರ್ಯ ಮುಗಿಯುವ ತನಕ ಉಪವಾಸ. ಕಾಲ ಬಳಿಯ ಬ್ಯಾಗಿನಲ್ಲಿ ಕರಿ ಎಳ್ಳು, ದೇವಸ್ಥಾನದಿಂದ ತಂದ ದರ್ಭೆ, ಒಂದು ಪಂಚೆ ಇದ್ದವು. ಏವಲಾನ್ ಎಂಬ ಸಣ್ಣ ವಿಮಾನ ನಿಲ್ದಾಣದಲ್ಲಿ ಇಳಿದೆ. ಅಲ್ಲಿಂದ ವಿಂಡಮ್ ವೇಲ್‌ನ ತಮ್ಮನ ಮನೆ ಹತ್ತಿರ. ಹೊರಗೆ ಗಾಳಿ ಮುಖಕ್ಕೆ ತಣ್ಣೀರು ಎರಚಿದ ಹಾಗೆ ಹೊಡೆಯುತ್ತಿತ್ತು. ತಮ್ಮನ ಮಗ ಕಾರಿನ ಪಕ್ಕ ನಿಂತಿದ್ದ. ಹತ್ತೊಂಬತ್ತು ವರ್ಷ, ಅಪ್ಪನ ಹಾಗೇ ಉದ್ದನೆಯ ಕತ್ತು. ಚಡ್ಡಿ ಹಾಕಿದ್ದ, ಒಂದು ಮೊಣಕಾಲಿಗೆ ಪಟ್ಟಿ ಸುತ್ತಿತ್ತು.

“ಅತ್ತೆ, ಥ್ಯಾಂಕ್ಸ್ ಫಾರ್ ಕಮಿಂಗ್,” ಎಂದ. “ನೀವು ಬರ್ತೀರ ಅಂತ ಕ್ಲಬ್‌ನಲ್ಲಿ ಎಲ್ಲರಿಗೂ ಹೇಳಿದೀನಿ.”

ಯಾವ ಕ್ಲಬ್ಬು ಎಂದು ನಾನು ಕೇಳಲಿಲ್ಲ. ತಿಥಿಯ ದಿನ ಚಡ್ಡಿ ಹಾಕಿಕೊಂಡಿದ್ದಾನಲ್ಲ, ಇನ್ನೂ ಸ್ನಾನವಾಗಿಲ್ಲವೇನೋ ಎಂದು ಯೋಚಿಸುತ್ತಿದ್ದೆ.

ಮನೆಯ ಬಾಗಿಲು ತೆಗೆದಾಗ ಒಳಗಿನಿಂದ ಅಡುಗೆಯ ವಾಸನೆ ಬರಲಿಲ್ಲ. ತಮ್ಮನ ಹೆಂಡತಿ ಜಾಕೆಟ್ ಹಾಕಿಕೊಂಡು ಶೂಗೆ ಲೇಸ್ ಕಟ್ಟುತ್ತಿದ್ದಳು. ನನ್ನ ಮುಖ ನೋಡಿದಳು, ಬ್ಯಾಗು ನೋಡಿದಳು, ಬ್ಯಾಗಿನ ಬಾಯಲ್ಲಿ ಚಾಚಿಕೊಂಡಿದ್ದ ದರ್ಭೆ ನೋಡಿದಳು.

“ಅಕ್ಕ, ತಿಥಿ ನಾಳೆ,” ಎಂದಳು.

“ನಾಳೆಯಾ? ಪಂಚಮಿ ಇವತ್ತಲ್ವ?”

“ಊರಲ್ಲಿ ಇವತ್ತು. ಇಲ್ಲಿ ನಾಳೆ. ಪುರೋಹಿತರು ಇಲ್ಲಿನ ಪಂಚಾಂಗ ನೋಡಿ ಹೇಳಿದಾರೆ.”

ನಾನು ಅಲ್ಲೇ ಸೋಫಾದ ತುದಿಯಲ್ಲಿ ಕೂತೆ. ಪಂಚಮಿ ಊರಿನಲ್ಲಿ ಶನಿವಾರ ಮಧ್ಯಾಹ್ನ ಹಿಡಿಯುತ್ತದೆ. ಆ ಹೊತ್ತಿಗೆ ಇಲ್ಲಿ ಸಂಜೆ ಆಗಿ, ಕಾರ್ಯದ ವೇಳೆ ದಾಟಿಹೋಗಿರುತ್ತದೆ. ಆದ್ದರಿಂದ ಇಲ್ಲಿ ಮರುದಿನ. ಹದಿನೈದು ವರ್ಷ ಈ ದೇಶದಲ್ಲಿದ್ದು ಇಷ್ಟು ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ಸಂಜೆಗೆ ನನ್ನ ವಿಮಾನ. ನಾಳೆ ಅವನ ಎಲೆ ಹಾಕುವ ಹೊತ್ತಿಗೆ ನಾನು ಗಂಜಿಯ ಪಾತ್ರೆ ತೊಳೆಯುತ್ತಿರುತ್ತೇನೆ.

“ಮತ್ತೆ ನಾನು ಶನಿವಾರ ಬರ್ತೀನಿ ಅಂದಾಗ ನೀನು ಹೂಂ ಅಂದ್ಯಲ್ಲ?” ಎಂದು ಹುಡುಗನನ್ನು ಕೇಳಿದೆ.

“ನೀವು ಮ್ಯಾಚ್‌ಗೆ ಬರ್ತಿದೀರ ಅಂದ್ಕೊಂಡೆ ಅತ್ತೆ. ಇವತ್ತು ಅಪ್ಪಂಗೋಸ್ಕರ ಮ್ಯಾಚ್. ಫೇಸ್‌ಬುಕ್‌ನಲ್ಲಿ ಹಾಕಿದ್ನಲ್ಲ.”

ಅವನ ಅಮ್ಮ ಅವನ ಕಡೆ ಒಮ್ಮೆ ನೋಡಿದಳು. “ಅತ್ತೆ ಯಾವತ್ತು ನಿನ್ನ ಫೇಸ್‌ಬುಕ್ ನೋಡಿದಾರೋ,” ಎಂದಳು. ನನ್ನ ಕಡೆ ತಿರುಗಿ, “ಮನೇಲಿ ಒಬ್ರೇ ಕೂತು ಏನ್ ಮಾಡ್ತೀರ, ಬನ್ನಿ,” ಎಂದು ತಮ್ಮನ ಹಳೆಯ ದಪ್ಪ ಕೋಟನ್ನು ಕೈಗೆ ಕೊಟ್ಟಳು. ಅವಳ ದನಿಯಲ್ಲಿ ಪ್ರೀತಿ ಇರಲಿಲ್ಲ. ಕೋಟು ಬೆಚ್ಚಗಿತ್ತು.

ತಮ್ಮನಿಗೆ ಫುಟ್‌ಬಾಲ್ ಹುಚ್ಚು ಹಿಡಿದದ್ದು ಮಗನಿಂದ. ಮಗನನ್ನು ಏಳು ವರ್ಷದೊಳಗಿನವರ ತಂಡಕ್ಕೆ ಸೇರಿಸಲು ಹೋದವನು, ಅಪ್ಪಂದಿರಲ್ಲಿ ಯಾರಾದರೂ ಬಾವುಟ ಹಿಡಿಯುತ್ತೀರಾ ಎಂದು ಕೇಳಿದಾಗ ಕೈ ಎತ್ತಿದನಂತೆ. ಇಂಥ ಸಣ್ಣ ಕ್ಲಬ್ಬುಗಳ ಆಟಕ್ಕೆ ಲೀಗಿನವರು ಒಬ್ಬ ರೆಫ್ರಿಯನ್ನು ಮಾತ್ರ ಕಳಿಸುತ್ತಾರೆ. ಗೆರೆಯ ಪಕ್ಕ ಬಾವುಟ ಹಿಡಿದು ಓಡುವ ಲೈನ್ಸ್‌ಮನ್‌ನನ್ನು ಎರಡು ತಂಡದವರೂ ತಮ್ಮ ಕಡೆಯಿಂದ ಒಬ್ಬೊಬ್ಬರಂತೆ ಕೊಡಬೇಕು. ಹನ್ನೆರಡು ವರ್ಷ ತಮ್ಮ ಆ ಕೆಲಸ ಮಾಡಿದ. ಬಂದು ಒಂದ್ಸಲ ನೋಡು ಅಕ್ಕ ಎಂದು ಎಷ್ಟೋ ಸಲ ಕರೆದಿದ್ದ. ಶನಿವಾರ ನನಗೆಲ್ಲಿ ಪುರಸೊತ್ತು ಎನ್ನುತ್ತಿದ್ದೆ.

ಮೈದಾನ ಹೊಸ ಮನೆಗಳ ಸಾಲು ಮುಗಿಯುವ ಕಡೆ ಇತ್ತು. ಗ್ಯಾಲರಿ ಇಲ್ಲ, ಟಿಕೆಟ್ ಇಲ್ಲ. ಸುತ್ತ ಸೊಂಟದೆತ್ತರದ ಕಬ್ಬಿಣದ ಕಂಬಿ, ಅದಕ್ಕೆ ಒರಗಿ ನಿಂತ ನಲವತ್ತೋ ಐವತ್ತೋ ಜನ, ಒಂದು ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಸಾಸೇಜ್ ಸುಡುವ ಹೊಗೆ. ಸುಡುತ್ತಿದ್ದ ಈರುಳ್ಳಿಯ ವಾಸನೆಗೆ ನನ್ನ ಹೊಟ್ಟೆ ಚುರ್ ಎಂದಿತು.

“ನಾಳೆ ತಿಥಿ ಮಾಡೋನು ಆ ಕಡೆ ನೋಡ್ಬೇಡ,” ಎಂದಳು ತಮ್ಮನ ಹೆಂಡತಿ ಮಗನಿಗೆ.

“ಜಸ್ಟ್ ಸ್ಮೆಲ್ ಮಾಡ್ತಿದೀನಮ್ಮ,” ಎಂದು ಅವನು ಕುಂಟುತ್ತ ಆಟಗಾರರ ಕಡೆ ಹೋದ.

ಅವಳು ಒಂದು ಪೊಟ್ಟಣ ಬಿಸಿ ಆಲೂಗಡ್ಡೆ ಚಿಪ್ಸ್ ತಂದು ನನ್ನ ಮುಂದೆ ಹಿಡಿದಳು. “ಇವತ್ತಲ್ವಲ್ಲ ಅಕ್ಕ. ತಿನ್ನಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ.”

“ಅದೇ ಎಣ್ಣೇಲಿ ಇನ್ನೇನಾದ್ರೂ ಕರೀತಾರಾ?”

“ಕೇಳ್ಬೇಡಿ. ಕೇಳಿದ್ರೆ ಗೊತ್ತಾಗಿಬಿಡುತ್ತೆ. ಹನ್ನೆರಡು ವರ್ಷ ನಿಮ್ಮ ತಮ್ಮನೂ ಕೇಳಿಲ್ಲ.”

ನಾನೂ ಕೇಳಲಿಲ್ಲ. ಉಪ್ಪು ವಿನೆಗರ್ ಹಾಕಿದ ಆ ಚಿಪ್ಸನ್ನು ಇಬ್ಬರೂ ಒಂದೇ ಪೊಟ್ಟಣದಿಂದ ತಿಂದೆವು.

ಆಟಕ್ಕೆ ಮೊದಲು ಎರಡು ತಂಡದವರೂ ನಡುವಿನ ದೊಡ್ಡ ವೃತ್ತದ ಮೇಲೆ ಹೆಗಲಿಗೆ ಕೈ ಹಾಕಿಕೊಂಡು ನಿಂತರು. ನಮ್ಮ ತಂಡದ ಹುಡುಗರ ತೋಳಿಗೆ ಕಪ್ಪು ಪಟ್ಟಿ ಇತ್ತು. ಹತ್ತಿರದಿಂದ ನೋಡಿದರೆ ಅದು ವೈರಿಗೆ ಸುತ್ತುವ ಕರಿ ಟೇಪು. ಕ್ಲಬ್ಬಿನ ಅಧ್ಯಕ್ಷ ಒಂದು ಸಣ್ಣ ಮೈಕು ಹಿಡಿದು ತಮ್ಮನ ಹೆಸರನ್ನು ಅರ್ಧಕ್ಕೆ ಕತ್ತರಿಸಿ ಹೇಳಿದ. ಅದರಲ್ಲೂ ಅರ್ಧ ಗಾಳಿಗೆ ಹಾರಿಹೋಯಿತು. ರೆಫ್ರಿ ಸೀಟಿ ಊದಿದ. ಎಲ್ಲರೂ ಸುಮ್ಮನಾದರು. ಸಾಸೇಜ್ ಸುಡುತ್ತಿದ್ದವನು ಚಿಮಟ ಕೆಳಗಿಟ್ಟು ಟೋಪಿ ತೆಗೆದ. ಎದುರಾಳಿ ತಂಡದವರು, ನನ್ನ ತಮ್ಮನನ್ನು ಕಂಡಿರದ ಹುಡುಗರು, ತಲೆ ತಗ್ಗಿಸಿ ನಿಂತಿದ್ದರು. ಸಾವಿನ ಮನೆಯಲ್ಲಿ ನಾನು ಅತ್ತಿದ್ದೆ, ಜನ ನೋಡುತ್ತಿದ್ದರು. ಇಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತೆ.

ತಮ್ಮನ ಬಾವುಟ ಈಗ ಅವನ ಮಗನ ಕೈಯಲ್ಲಿತ್ತು. ಮೊಣಕಾಲು ಸರಿಯಿಲ್ಲದ್ದರಿಂದ ಆ ವರ್ಷ ಅವನು ಆಡುತ್ತಿರಲಿಲ್ಲ. ಇವತ್ತೊಂದು ದಿನ ನೀನು ಗೆರೆ ನೋಡಿಕೋ ಎಂದು ಕ್ಲಬ್ಬಿನವರು ಅವನನ್ನು ಕೇಳಿದ್ದರಂತೆ.

ನಮ್ಮ ಪಕ್ಕ ಮಡಚುವ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ. ಮಾಲ್ಟಾ ದೇಶದಿಂದ ಹುಡುಗನಾಗಿದ್ದಾಗ ಬಂದವನು, ಕ್ಲಬ್ಬು ಶುರುವಾದಾಗಿನಿಂದ ಇದ್ದಾನೆ ಎಂದು ತಮ್ಮನ ಹೆಂಡತಿ ಪರಿಚಯ ಮಾಡಿಸಿದಳು. ನಾನು ಅಕ್ಕ ಎಂದು ತಿಳಿದ ಮೇಲೆ ಅವನು ಫ್ಲಾಸ್ಕಿನ ಮುಚ್ಚಳದಲ್ಲಿ ನನಗೆ ಚಹಾ ಬಗ್ಗಿಸಿ ಕೊಟ್ಟ. ನನ್ನ ಇಂಗ್ಲಿಷ್ ಅಡುಗೆಮನೆಯ ಇಂಗ್ಲಿಷ್. ಅವನದೂ ಹಾಗೇ ತುಂಡುತುಂಡಾಗಿತ್ತು. ಅದರಿಂದ ಅನುಕೂಲವೇ ಆಯಿತು.

ಅವನು ಮೊದಲು ನನಗೆ ಆಫ್‌ಸೈಡ್ ಎಂದರೇನು ಎಂದು ಕಲಿಸಿದ. ಕೈಬೆರಳುಗಳನ್ನು ತೊಡೆಯ ಮೇಲಿಟ್ಟುಕೊಂಡು ತೋರಿಸಿದ: ನಮ್ಮವನು ನಮ್ಮವನಿಗೆ ಚೆಂಡು ಒದೆಯುವ ಕ್ಷಣದಲ್ಲಿ, ಮುಂದಿರುವ ನಮ್ಮವನು ಎದುರಾಳಿಗಳ ಕೊನೆಯ ಆಳನ್ನು ದಾಟಿ ನಿಂತಿರಬಾರದು. ನಿಂತಿದ್ದರೆ ತಪ್ಪು. ಗೋಲು ಕಾಯುವವನನ್ನು ಲೆಕ್ಕಕ್ಕಿಟ್ಟುಕೊಳ್ಳಬೇಡ ಎಂದ. ಆ ಕ್ಷಣ ನೋಡಿ ಬಾವುಟ ಎತ್ತುವುದು ಲೈನ್ಸ್‌ಮನ್‌ನ ಕೆಲಸ.

“ನಮ್ಮವನೇ ಲೈನ್ಸ್‌ಮನ್ ಅಂದ್ರೆ, ನಮ್ಮವರ ತಪ್ಪಿಗೆ ಬಾವುಟ ಎತ್ತುತ್ತಾನಾ?” ಎಂದೆ.

ಮುದುಕ ನಕ್ಕ. “ಯಾರೂ ಎತ್ತಲ್ಲ. ಕೈ ನೋಯುತ್ತೆ, ಕಣ್ಣಿಗೆ ಧೂಳು ಬೀಳುತ್ತೆ. ನಿನ್ನ ತಮ್ಮ ಎತ್ತುತ್ತಿದ್ದ.”

ಆಮೇಲೆ ಆ ಕಥೆ ಹೇಳಿದ. ಕೆಲವು ವರ್ಷಗಳ ಹಿಂದೆ ಸೀಸನ್ನಿನ ಕೊನೆಯ ಆಟ. ಗೆದ್ದರೆ ಮೇಲಿನ ಡಿವಿಷನ್ನಿಗೆ ಹೋಗಬಹುದಿತ್ತು. ಕೊನೆಯ ನಿಮಿಷಗಳಲ್ಲಿ ನಮ್ಮವರು ಗೋಲು ಹೊಡೆದರು. ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದಾರೆ, ಇವನು ಗೆರೆಯ ಪಕ್ಕ ಬಾವುಟ ಎತ್ತಿಕೊಂಡು ಕಂಬದ ಹಾಗೆ ನಿಂತಿದ್ದಾನೆ. ಬೈದರು. ಒಬ್ಬ ನೀರಿನ ಬಾಟಲಿ ಎಸೆದ. ಬಾವುಟ ಇಳಿಸಲಿಲ್ಲ. ರೆಫ್ರಿ ಗೋಲು ರದ್ದು ಮಾಡಿದ. ಅಂದಿನಿಂದ ಅವನನ್ನು ಎಲ್ಲರೂ ‘ಜಡ್ಜ್’ ಎಂದೇ ಕರೆಯುತ್ತಿದ್ದದ್ದು.

“ಆಮೇಲೆ?” ಎಂದೆ.

“ಆಮೇಲೇನು. ತುಂಬಾ ಕೋಪ ಬಂತು. ಮಂಗಳವಾರದ ತನಕ ಯಾರೂ ಅವನ ಜೊತೆ ಮಾತಾಡಲಿಲ್ಲ.”

“ಮಂಗಳವಾರ?”

“ಮಂಗಳವಾರ ಟ್ರೇನಿಂಗು. ಬಂದು ಸುಮ್ಮನೆ ಮೈದಾನದಲ್ಲಿ ಪ್ಲಾಸ್ಟಿಕ್ ಕೋನ್ ಜೋಡಿಸ್ತಿದ್ದ. ಚಳಿ ಬೇರೆ. ಯಾರೋ ಚಹಾ ಕೊಟ್ಟರು. ಎಷ್ಟು ದಿನ ಅಂತ ಕೋಪ ಮಾಡ್ಕೊಳ್ಳೋದು?”

ಶನಿವಾರದಿಂದ ಮಂಗಳವಾರ. ನಾನು ಮುಚ್ಚಳದ ಚಹಾ ನೋಡುತ್ತ ನಿಂತೆ. ಬಾಟಲಿ ಎಸೆದವರು, ಅವನ ಪೂರ್ತಿ ಹೆಸರು ಕೂಡ ಹೇಳಲು ಬಾರದವರು, ಮೂರು ದಿನದಲ್ಲಿ ಅವನ ಕೈಗೆ ಚಹಾ ಕೊಟ್ಟಿದ್ದರು. ಅವನಿಗೆ ನಡೆಯಲು ಕಲಿಸಿದವಳು ನಾನು. ಅಮ್ಮ ಕೆಲಸಕ್ಕೆ ಹೋದಾಗ ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದವಳು. ಅವನು ನನ್ನ ಮನೆಯಲ್ಲಿ ಬಾವುಟ ಎತ್ತಿದ್ದಕ್ಕೆ ಹದಿನಾಲ್ಕು ತಿಂಗಳು ಬಾಗಿಲು ಹಾಕಿಕೊಂಡಿದ್ದೆ. ಆ ಪ್ರಸ್ತಾಪ ತಪ್ಪಿಹೋದದ್ದಕ್ಕೆ ನನ್ನ ಮಗ ಒಂದು ವಾರವೂ ಬೇಸರ ಮಾಡಿಕೊಂಡಿರಲಿಲ್ಲ. ಅದೂ ಆಗ ನೆನಪಾಯಿತು.

ತಮ್ಮನ ಹೆಂಡತಿ ಕಂಬಿಗೆ ಒರಗಿ ಆಟವನ್ನೇ ನೋಡುತ್ತಿದ್ದಳು. ಈ ಮಾತುಗಳು ಅವಳ ಕಿವಿಗೆ ಬೀಳದೇ ಇರಲಿಲ್ಲ.

ಆಟ ಹೇಗಿತ್ತು ಎಂದು ಹೇಳುವಷ್ಟು ನನಗೆ ತಿಳಿಯಲಿಲ್ಲ. ಚೆಂಡು ಹೆಚ್ಚು ಹೊತ್ತು ಗಾಳಿಯಲ್ಲೇ ಇರುತ್ತಿತ್ತು. ಗಾಳಿ ಅದನ್ನು ತನಗೆ ಬೇಕಾದ ಕಡೆ ಒಯ್ಯುತ್ತಿತ್ತು. ನಮ್ಮವರಲ್ಲಿ ಒಬ್ಬ ಹೊಟ್ಟೆಯುಳ್ಳ ದೊಡ್ಡಾಳು ಇದ್ದ, ಬಡಗಿಯಂತೆ. ಓಡುವುದಕ್ಕಿಂತ ಹೆಚ್ಚು ಕೂಗುತ್ತಿದ್ದ. ಚೆಂಡು ಬೇಲಿಯಾಚೆ ಯಾರದೋ ಹಿತ್ತಲಿಗೆ ಹೋದಾಗ, ಎಲ್ಲರೂ ಸೊಂಟಕ್ಕೆ ಕೈ ಇಟ್ಟುಕೊಂಡು ಕಾದರು. ಆ ಮನೆಯ ಹೆಂಗಸು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ಅದನ್ನು ವಾಪಸ್ಸು ಎಸೆದಳು. ಚಪ್ಪಾಳೆ ಬಿತ್ತು. ಅವರು ಒಂದು ಗೋಲು ಹೊಡೆದರು, ನಾವು ಒಂದು ಹೊಡೆದೆವು. ‘ನಾವು’ ಎಂದು ಆಗಲೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ನಾನು ನೋಡುತ್ತಿದ್ದದ್ದು ಹೆಚ್ಚಾಗಿ ಹುಡುಗನನ್ನೇ. ಗೆರೆಯ ಪಕ್ಕ ಹಿಂದಕ್ಕೂ ಮುಂದಕ್ಕೂ ಕುಂಟುತ್ತ ಓಡುತ್ತಿದ್ದ. ಮೂರು ನಾಲ್ಕು ಸಲ ಬಾವುಟ ಎತ್ತಿದ, ಎಲ್ಲವೂ ಎದುರಾಳಿಗಳ ಮೇಲೆ. ಮುದುಕ ಪ್ರತಿ ಸಲ ಸರಿ ಸರಿ ಎಂದು ತಲೆಯಾಡಿಸಿದ.

ಆಟ ಮುಗಿಯಲು ಸ್ವಲ್ಪ ಹೊತ್ತಿದ್ದಾಗ ನಮ್ಮವನೊಬ್ಬ ಬಹಳ ಹಿಂದಿನಿಂದ ಚೆಂಡನ್ನು ಎತ್ತಿ ಒದ್ದ. ಆ ದೊಡ್ಡಾಳು ಆಗಲೇ ಅಲ್ಲಿ ಮುಂದೆ ಒಬ್ಬನೇ ನಿಂತಿದ್ದ. ನನಗೆ ಮುದುಕನ ಬೆರಳುಗಳು ನೆನಪಿದ್ದವು. ಅವನ ಮುಂದೆ ಗೋಲು ಕಾಯುವವನನ್ನು ಬಿಟ್ಟು ಎದುರಾಳಿ ಯಾರೂ ಇರಲಿಲ್ಲ. ಹುಡುಗನ ಕಡೆ ನೋಡಿದೆ. ಬಾವುಟದ ಕೈ ಒಂದು ಗೇಣು ಮೇಲೆದ್ದಿತು. ಮತ್ತೆ ಇಳಿಯಿತು. ಚೆಂಡು ಬಲೆಯೊಳಗಿತ್ತು.

ಎದುರಾಳಿಗಳು ರೆಫ್ರಿಯ ಸುತ್ತ ಕೂಗಾಡಿದರು. ರೆಫ್ರಿ ಹುಡುಗನ ಕಡೆ ನೋಡಿದ. ಹುಡುಗ ನೆಲ ನೋಡುತ್ತಿದ್ದ. ಗೋಲು ಕೊಟ್ಟರು. ಆಟ ಮುಗಿದಾಗ ನಮ್ಮವರು ಓಡಿಬಂದು ಅವನನ್ನೇ ಮೇಲೆತ್ತಿದರು. ನಿಮ್ಮಪ್ಪನಿಗಾಗಿ, ನಿಮ್ಮಪ್ಪನಿಗಾಗಿ ಎಂದು ಬೆನ್ನು ತಟ್ಟಿದರು. ದೊಡ್ಡಾಳು ಅವನ ತಲೆಗೆ ಮುತ್ತು ಕೊಟ್ಟ. ಹುಡುಗ ನಗುತ್ತಿದ್ದ, ಆದರೆ ಅವನ ಕಿವಿಗಳು ಕೆಂಪಾಗಿದ್ದವು. ಚಳಿಯಿಂದ ಇರಬಹುದು.

ಮುದುಕ ಕುರ್ಚಿ ಮಡಚುತ್ತ ನನ್ನ ಕಡೆ ಬಗ್ಗಿದ. “ಜಡ್ಜ್ ಇದ್ದಿದ್ರೆ ಈಗ ಬಾಟಲಿ ಹಾರ್ತಿತ್ತು,” ಎಂದ. “ಹುಡುಗನಿಗೆ ಹೇಳ್ಬೇಡ. ಚಿಕ್ಕವನು.”

ಏವಲಾನ್ ಕಡೆ ಹೊರಟಾಗ ಹುಡುಗನೇ ಕಾರು ಓಡಿಸುತ್ತಿದ್ದ. ಅವನ ಅಮ್ಮ ಮುಂದೆ, ನಾನು ಹಿಂದೆ. ನನ್ನ ವಿಮಾನಕ್ಕೆ ಇನ್ನೂ ಎರಡು ಗಂಟೆ ಇತ್ತು. ಎರಡೂ ಕಡೆ ಬಯಲು, ಬಯಲಿನ ಮೇಲೆ ಬೀಸುವ ಗಾಳಿ.

“ಇಟ್ ವಾಸ್ ಆಫ್‌ಸೈಡ್,” ಎಂದ ಹುಡುಗ.

“ಗೊತ್ತು,” ಎಂದಳು ಅಮ್ಮ.

“ನಿಂಗೆ ಹೇಗೆ ಗೊತ್ತು?”

“ಹನ್ನೆರಡು ವರ್ಷ ಲೈನ್ಸ್‌ಮನ್ ಹೆಂಡತಿ ಆಗಿದ್ದೆ ಕಣೋ. ಅಷ್ಟೂ ಗೊತ್ತಾಗಲ್ವಾ?”

ಅವನು ಮುಂದಿದ್ದ ಲಾರಿಯನ್ನು ಹಿಂದೆ ಹಾಕಿದ. “ಎಲ್ಲರೂ ಅಪ್ಪಂಗೋಸ್ಕರ ಅಂತಿದ್ರು. ಐ ಕುಡಂಟ್. ಅಪ್ಪ ಆಗಿದ್ರೆ ಎತ್ತಿರೋರು.”

“ನಿಮ್ಮಪ್ಪನೂ ಹುಟ್ಟಿದ ದಿನವೇ ಎತ್ತಿರಲಿಲ್ಲ. ತೊಂಬತ್ತೊಂಬತ್ತು ಮಾರ್ಕ್ಸ್ ಬಂದಿದೆ ಅಂತ ಅವರಪ್ಪಂಗೆ ಸುಳ್ಳು ಹೇಳಿ ಏಟು ತಿಂದಿದಾರೆ. ಅತ್ತೇನ ಕೇಳು.”

ಅದು ನಿಜ. ಏಟು ಬೀಳುವಾಗ ಅಡ್ಡ ನಿಂತದ್ದು ನಾನು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ ಮಾತು.

“ಆವತ್ತು ಬುಧವಾರ ಫೋನ್ ಲಾಕರ್‌ನಲ್ಲಿರಲಿಲ್ಲ,” ಎಂದೆ. “ನನ್ನ ಹತ್ರಾನೇ ಇತ್ತು. ಅವನು ಮಾಡ್ತಿರೋದು ಅಂತ ನೋಡಿದೆ. ನೋಡಿ ತೆಗೀಲಿಲ್ಲ.”

ಹುಡುಗ ಕನ್ನಡಿಯಲ್ಲಿ ನನ್ನನ್ನು ನೋಡಿದ. ಅವನ ಅಮ್ಮ ತಿರುಗಲಿಲ್ಲ. ಅವಳ ಜಡೆ, ಕಿವಿಯ ಓಲೆ, ಇಷ್ಟೇ ನನಗೆ ಕಾಣುತ್ತಿದ್ದದ್ದು.

“ಅದೂ ಗೊತ್ತು,” ಎಂದಳು.

“ಅವನಿಗೆ?”

“ಅವರಿಗೂ ಗೊತ್ತಿತ್ತು. ಪ್ರತಿ ಸಲ ಸ್ಪೀಕರ್‌ನಲ್ಲೇ ಹಾಕೋರು. ಪೂರ್ತಿ ರಿಂಗ್ ಆಗೋದು. ‘ನೋಡು, ಅಕ್ಕ ಕಟ್ ಮಾಡಲ್ಲ, ಬ್ಲಾಕ್ ಮಾಡಿಲ್ಲ, ಕೊನೇ ತನಕ ಕೇಳಿಸ್ಕೊಂಡು ಕೂತಿರ್ತಾಳೆ. ಬರ್ತಾಳೆ ಬಿಡು’ ಅನ್ನೋರು. ಆವತ್ತು ಬುಧವಾರಾನೂ ಹಾಗೇ ಅಂದ್ರು.”

ನಾನು ತಮ್ಮನ ಕೋಟಿನ ಗುಂಡಿ ಬಿಚ್ಚಿ, ಮತ್ತೆ ಹಾಕಿದೆ.

“ಅವರಿಗೆ ಕೋಪ ಇರಲಿಲ್ಲ ಅಕ್ಕ,” ಎಂದಳು. ಸೀಟ್ ಬೆಲ್ಟ್ ಸಡಿಲಿಸಿಕೊಂಡು, “ನನಗಿದೆ. ಇನ್ನೂ ಹೋಗಿಲ್ಲ. ಸಾವಿನ ಮನೇಲಿ ಲಾಕರ್ ಅಂದ್ರಲ್ಲ, ಅದಕ್ಕೇ ಜಾಸ್ತಿ.”

“ಹೂಂ,” ಎಂದೆ. “ಇರಲಿ.”

ಕಾರು ಹೋಗುತ್ತಲೇ ಇತ್ತು. ವಿಮಾನ ನಿಲ್ದಾಣದ ಬೋರ್ಡು ಕಾಣಿಸಿತು.

“ನಾಳೆ ಉಳ್ಕೊಳ್ಳೋಕಾಗಲ್ವಾ?” ಎಂದು ಅವಳು ಮುಂದೆ ನೋಡುತ್ತಲೇ ಕೇಳಿದಳು.

“ಬೆಳಿಗ್ಗೆ ಆರಕ್ಕೆ ಶಿಫ್ಟ್ ಇದೆ.”

“ಜ್ವರ ಅಂತ ಹೇಳಿ. ಎಲ್ಲರೂ ಹಾಗೇ ಹೇಳೋದು.”

“ಅಮ್ಮ!” ಎಂದ ಹುಡುಗ. ನಕ್ಕುಬಿಟ್ಟ. ಅವಳಿಗೂ ತಾನು ಏನು ಹೇಳಿದೆ ಎಂದು ಹೊಳೆದು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

ಹುಡುಗ ರಸ್ತೆಯ ಬದಿಗೆ ಕಾರು ನಿಲ್ಲಿಸಿದ. ನಾನು ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅವಳು ಫಿಲಿಪೈನ್ಸಿನವಳು, ಒಳ್ಳೆಯವಳು, ಸಿಡುಕಿ. ನಾನು ಬಂದಿದ್ದು ಫಂಕ್ಷನ್ನಿಗಲ್ಲ, ತೀರಿಕೊಂಡ ತಮ್ಮನ ವರ್ಷದ ಕಾರ್ಯಕ್ಕೆ. ನನ್ನ ದೇಶದ ಕ್ಯಾಲೆಂಡರ್ ನೋಡಿ ಒಂದು ದಿನ ಮೊದಲೇ ಬಂದಿದ್ದೇನೆ. ನಾಳೆ ನಾನು ಇಲ್ಲಿರಬೇಕು ಎಂದೆ. ಈ ಹೊತ್ತಿನಲ್ಲಿ ಹೇಳಿದರೆ ನಾಳೆ ಬೆಳಿಗ್ಗೆಗೆ ನಾನು ಯಾರನ್ನು ಹುಡುಕಲಿ ಎಂದು ರೇಗಿದಳು. ಅದು ನನಗೂ ಗೊತ್ತಿಲ್ಲ ಎಂದೆ. ಆ ಕಡೆ ಕಾಗದ ಮಗುಚುವ ಸದ್ದು ಕೇಳಿಸಿತು. ನಿನಗೆ ತಮ್ಮನಿದ್ದ ಎಂದು ನೀನು ಒಂದು ಸಲವೂ ಹೇಳಲಿಲ್ಲವಲ್ಲ ಎಂದಳು. ಗಂಜಿ ತಾನೇ ಮಾಡುತ್ತೇನೆ, ಸೋಮವಾರ ತಪ್ಪಿಸಬೇಡ ಎಂದಳು. ಇಂಥದ್ದನ್ನು ಮೊದಲೇ ಹೇಳಬೇಕು ಎಂದು ಇನ್ನೊಮ್ಮೆ ಬೈದು ಫೋನ್ ಇಟ್ಟಳು.

ಹುಡುಗ ಕಾರು ತಿರುಗಿಸಿದ. ಮಂಗಳವಾರ ಟ್ರೇನಿಂಗಿಗೆ ಹೋದಾಗ ಕೋಚ್‌ಗೆ ಹೇಳುತ್ತೇನೆ ಎಂದ. ಹೇಳು, ಆದರೆ ಗೋಲು ಏನೂ ವಾಪಸ್ಸು ಹೋಗಲ್ಲ ಎಂದಳು ಅವನ ಅಮ್ಮ. ಗೊತ್ತು ಎಂದ.

ಮನೆಗೆ ಬಂದು ಅವಳು ನನಗೆ ಒಂದು ನೈಟಿ ಕೊಟ್ಟಳು. ಇಬ್ಬರೂ ಉದ್ದಿನಬೇಳೆ ಆರಿಸಿದೆವು. ಎಷ್ಟು ನೆನೆಹಾಕಬೇಕು ಎಂಬುದರ ಬಗ್ಗೆ ಸಣ್ಣ ವಾದವಾಯಿತು. ಅವಳ ತವರಿನ ಅಳತೆ ಬೇರೆ, ನಮ್ಮ ಅಳತೆ ಬೇರೆ. ಅವಳು ಸೋಲಲಿಲ್ಲ, ನಾನೂ ಸೋಲಲಿಲ್ಲ. ಎರಡು ಬಟ್ಟಲಲ್ಲಿ ನೆನೆಹಾಕಿದೆವು.

ಮರುದಿನ ಕಾರ್ಯ ನಡೆಯಿತು. ಹುಡುಗ ಪಂಚೆ ಉಟ್ಟು, ಪಟ್ಟಿ ಸುತ್ತಿದ ಕಾಲನ್ನು ಮಡಚಲಾಗದೆ ಒಂದು ಕಡೆಗೆ ಚಾಚಿ ಕೂತಿದ್ದ. ಪುರೋಹಿತರು ಅದಕ್ಕೇನೂ ಅನ್ನಲಿಲ್ಲ. ಮಧ್ಯಾಹ್ನ ಎಲ್ಲ ಮುಗಿದ ಮೇಲೆ ಹಿತ್ತಲಲ್ಲಿ ಹಕ್ಕಿಗಳಿಗೆಂದು ಎಲೆ ಇಟ್ಟು ನಾನೊಬ್ಬಳೇ ಸ್ವಲ್ಪ ಹೊತ್ತು ನಿಂತೆ. ತಮ್ಮನಿಗೆ ಹೇಳಬೇಕೆಂದಿದ್ದ ಮಾತನ್ನು ಹೇಳಿದೆ. ಬಾಯಿಬಿಟ್ಟೇ ಹೇಳಿದೆ. ಏನು ಎಂದು ಇಲ್ಲಿ ಬರೆಯುವುದಿಲ್ಲ, ಅವನಿಗೆ ಹೇಳಿದ್ದು.

ತಿರುಗಿ ನೋಡಿದರೆ ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ.

“ವಡೆ ಆರ್ತಿದೆ,” ಎಂದಳು. “ಬನ್ನಿ.”